ಕೆರೆಯ ಬಾಲದ ನೀರು

ಮನೀಷಾಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಮುಚ್ಚಿಡುವುದೇನಿದೆ? ಅವಳ ಬಂಗಾರ ಕಂಡು ಅಲ್ಲ. ಬಂಗಾರ ಹಾಕಿಕೊಂಡು ಕಳೆ ಕೀಳಲು ಆಗುವುದಿಲ್ಲ. ಅವಳ ಮನೆ ಕಂಡೂ ಅಲ್ಲ. ಆ ಮನೆಯ ಗಿಲಾವಿಗೆ ಉಸುಕು ಹೊತ್ತವಳು ನಾನೇ. ಅದರಲ್ಲಿ ಎಷ್ಟು ಕೋಣೆಗಳಿವೆ, ಅಷ್ಟನ್ನೂ ಯಾರು ಗುಡಿಸಬೇಕು ಎಂಬುದು ನನಗೆ ಗೊತ್ತು. ಅವಳ ಗಂಡನನ್ನು ಕಂಡಂತೂ ಅಲ್ಲವೇ ಅಲ್ಲ, ಅವನನ್ನು ಅವಳೇ ಇಟ್ಟುಕೊಳ್ಳಲಿ. ನನ್ನ ಹೊಟ್ಟೆ ಉರಿಯುವುದು ಅವಳ ನೀರು ಕಂಡು.

ದಿನಾ ಬೆಳಿಗ್ಗೆ ಅವಳು ಸ್ಕೂಟಿಯ ಮೇಲೆ ಕೆರೆಯ ಘಾಟಿಗೆ ಬರುತ್ತಾಳೆ. ಹೊದ್ದ ಟವೆಲು ತೆಗೆದು ಕಂಬಿಗೆ ಹಾಕುತ್ತಾಳೆ. ಒಳಗೆ ಮೊಣಕಾಲ ತನಕದ ನೀಲಿ ಈಜುಡುಗೆ. ಮೊದಲು ಹೆಬ್ಬೆರಳು ಅದ್ದಿ ನೋಡಿ ತನ್ನಷ್ಟಕ್ಕೆ ನಗುತ್ತಾಳೆ, ಆಮೇಲೆ ಸದ್ದಿಲ್ಲದೆ ಇಳಿಯುತ್ತಾಳೆ. ಮೆಟ್ಟಿಲಿನಿಂದ ಹಗ್ಗ ಕಟ್ಟಿದ ಕಡೆಯ ತನಕ ಹೋಗುತ್ತಾಳೆ, ಬರುತ್ತಾಳೆ. ನೀರು ಬಾಯಿಗೆ ಹೋದರೆ ಪುಸಕ್ಕನೆ ಉಗಿದು ಮತ್ತೆ ಈಜುತ್ತಾಳೆ. ಬಾಯೊಳಗೆ ಹೋದ ನೀರಿಗೆ ಹೆದರದೆ ಇರುವುದು ಎಷ್ಟು ದೊಡ್ಡ ಸುಖ ಎಂದು ಅವಳಿಗೆ ಗೊತ್ತಿಲ್ಲ. ನನಗೆ ಗೊತ್ತು. ಕೆರೆಗೆ ಅಡ್ಡ ಕಟ್ಟಿದ ಗೋಡೆಯ ಈಚೆ, ಮೊಣಕಾಲ ತನಕ ಕಪ್ಪು ನೀರಿನಲ್ಲಿ, ತುಟಿ ಬಿಗಿ ಹಿಡಿದು ನಿಂತು ನಾನು ಅದನ್ನೇ ನೋಡುತ್ತೇನೆ.

ನಮ್ಮೂರು ನೀಲವಾಡಿ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವ ಬಸ್ಸು ಊರ ಕಮಾನಿನ ಹತ್ತಿರ ನಿಲ್ಲುತ್ತದೆ. ಕಮಾನಿನ ಮೇಲೆ ಶರಣರ ನಾಡಿಗೆ ಸ್ವಾಗತ ಎಂದು ಬರೆಸಿದ್ದಾರೆ. ಒಳಗೆ ಬಂದರೆ ಮೊದಲು ದೊಡ್ಡವರ ಓಣಿ, ಆಮೇಲೆ ಕೆರೆ, ಕೆರೆ ದಾಟಿದ ಮೇಲೆ ನಮ್ಮ ಬುದ್ಧನಗರ. ಕೆರೆ ಊರ ಕಡೆ ಹೊಟ್ಟೆಯ ಹಾಗೆ ಅಗಲವಾಗಿದೆ. ನಮ್ಮ ಕಡೆ ಬರುತ್ತ ಬರುತ್ತ ಸಣ್ಣಗಾಗಿ ಮುಗಿಯುತ್ತದೆ. ಅದಕ್ಕೆ ಎಲ್ಲರೂ ಬಾಲ ಎಂದೇ ಅನ್ನುತ್ತಾರೆ. ಬಟ್ಟೆ ಒಗೆಯುವ ಕಲ್ಲುಗಳಿರುವುದು ಬಾಲದಲ್ಲಿ.

ಒಂದು ಕಾಲಕ್ಕೆ ಬಾಲದ ನೀರೇ ಚೊಕ್ಕ. ಅಡಿಯ ಹರಳು ಕಾಣುತ್ತಿತ್ತು. ಆ ನೀರಿನಲ್ಲಿ ಒಗೆದ ಬಟ್ಟೆಗೆ ನೀಲಿ ಹಾಕುವುದು ಬೇಡ ಎಂದು ದೊಡ್ಡ ಓಣಿಯ ಹೆಂಗಸರೂ ಹೇಳುತ್ತಿದ್ದರು. ಹೊಲಸು ಇದ್ದದ್ದು ಘಾಟಿನ ಕಡೆ. ದೊಡ್ಡ ಓಣಿಯ ಮನೆಮನೆಗೂ ಸಂಡಾಸು, ಸಂಡಾಸಿನ ಪೈಪು ಗಟಾರಕ್ಕೆ, ಗಟಾರ ಕೆರೆಗೆ, ಅದೂ ಘಾಟಿನ ಮಗ್ಗುಲಿಗೆ. ಬಸವಕಲ್ಯಾಣ ನೋಡಲು ಬಂದ ಮಂದಿ ರವಿವಾರ ಇಲ್ಲಿಗೂ ಈಜಲು ಬರುತ್ತಿದ್ದರು. ಒಂದು ಬೇಸಿಗೆಯಲ್ಲಿ ಹಾಗೆ ಬಂದವರ ಮಕ್ಕಳಿಗೆಲ್ಲ ವಾಂತಿಭೇದಿ ಹಿಡಿಯಿತು. ಪೇಪರಿನಲ್ಲಿ ಬಂತು. ಆಗ ಸರಕಾರಕ್ಕೆ ನಮ್ಮ ಕೆರೆ ಕಂಡಿತು.

ನೀರು ಪರೀಕ್ಷೆಗೆ ಇಂಜಿನಿಯರ್ ಪ್ರೇಮಕುಮಾರ ಸಾಹೇಬರು ಬಂದರು. ಅವರ ಜೊತೆ ಬಸವಣಪ್ಪ ಮಾಲಕರು. ಊರಿನ ಹೊಲದಲ್ಲಿ ಅರ್ಧ ಅವರದು, ಕೆರೆ ಸಮಿತಿಯ ಅಧ್ಯಕ್ಷರೂ ಅವರೇ, ಮನೀಷಾಳ ಮಾವನೂ ಅವರೇ. ನಾನು ಆಗ ಘಾಟಿನ ಮೇಲೆ ಕಸ ತುಂಬುತ್ತಿದ್ದೆ.

"ಬುದ್ಧನಗರದವ್ರು ಬಯಲಿಗಿ ಹೋಗ್ತಾರ್ರಿ ಸಾಹೇಬ್ರ. ಅದಕ್ಕೇ ಕೆರಿ ಕೆಟ್ಟದ" ಎಂದರು ಮಾಲಕರು.

"ಇಲ್ರಿ. ಬಾಲದ ನೀರು ಸಾಫ್ ಅದ. ಬ್ಯಾಕ್ಟೀರಿಯಾ ಎಲ್ಲಾ ಈ ಕಡೀಗೆ. ನಿಮ್ಮ ಓಣಿ ಗಟಾರದಿಂದ ಬರಾಕತ್ತಾವ" ಎಂದರು ಸಾಹೇಬರು.

ಬುಟ್ಟಿ ಬಿಟ್ಟು ಕುಣಿಯಬೇಕು ಅನ್ನಿಸಿತು. ಆ ಮಾತನ್ನು ನಾನು ಬುದ್ಧನಗರಕ್ಕೆ ಹೊತ್ತು ತಂದೆ. ನಮ್ಮತ್ತೆ ಸೋನುಬಾಯಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅವರ ಹೊಲಸು ಅವರದೇ ಅಂತ ಸರಕಾರಾನೇ ಹೇಳ್ತೇನು?" ಎಂದು ಮತ್ತೆ ಮತ್ತೆ ಕೇಳಿ ನಕ್ಕಳು. ನಾವು ಬಹಳ ದಿನ ನಕ್ಕೆವು. ನಗುತ್ತಿರುವಾಗಲೇ ಅನುದಾನ ಮಂಜೂರಾಯಿತು. ಕೋಟಿ ಲೆಕ್ಕದ ಹಣ. ಕೆಲಸಕ್ಕೆ ಕೂಲಿ ಬೇಕಾಯಿತು. ಕೂಲಿ ಎಂದರೆ ನಾವು.

ನಾನು ಆ ಬೇಸಿಗೆ ಪೂರ್ತಿ ನೆಲ ಅಗೆದೆ. ನಮ್ಮದು ಕೆಂಪು ಮುರಂ ಕಲ್ಲಿನ ನೆಲ, ಗುದ್ದಲಿ ಹಾಕಿದರೆ ಕೈಗೆ ಜುಮ್ ಅನ್ನುತ್ತದೆ. ಅಂಗೈ ಬೊಬ್ಬೆ ಒಡೆದು ಮತ್ತೆ ಬೊಬ್ಬೆ ಬಂತು. ಉಚ್ಚೆಗೆ ಹೋಗಲು ಮರೆ ಇರಲಿಲ್ಲ, ಮಧ್ಯಾಹ್ನದ ತನಕ ತಡೆದುಕೊಂಡೇ ಅಗೆದೆವು. ದೊಡ್ಡ ಓಣಿಯ ಗಟಾರದ ಬಾಯಿಂದ ಶುರುವಾದ ತಗ್ಗು ಕೆರೆಯ ದಂಡೆ ಹಿಡಿದು ಮುಂದೆ ಮುಂದೆ ಬಂತು. ಈ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದೆ. "ಮುಂದ ಹೋಗ್ತದ" ಎಂದ. ಕಡೆಗೆ ನೋಡಿದರೆ ಪೈಪಿನ ಬಾಯಿ ಬಂದು ನಿಂತದ್ದು ನಮ್ಮ ಒಗೆಯುವ ಕಲ್ಲುಗಳ ನೆತ್ತಿಯ ಮೇಲೆ. ಹೊಟ್ಟೆಗೂ ಬಾಲಕ್ಕೂ ನಡುವೆ ಕಾಂಕ್ರೀಟು ಗೋಡೆ ಎದ್ದಿತು, ನಮ್ಮ ಕಡೆಯ ನೀರು ಆ ಕಡೆ ಹೋಗದ ಹಾಗೆ. ಆ ಗೋಡೆಗೂ ನಾವೇ ಕಾಂಕ್ರೀಟು ಹೊತ್ತೆವು.

ನನ್ನ ಗಂಡ ಕಪಿಲ ಹುಮನಾಬಾದಿನ ಕಾರ್ಖಾನೆಯೊಂದರಲ್ಲಿ ಚೀಲ ಹೊರುತ್ತಾನೆ. ಒಂದು ದಿನ ಕೆಲಸ ಬಿಟ್ಟು ಸಾಹೇಬರನ್ನು ಹುಡುಕಿ ಹೋದ. ಪೈಪಿನ ಬಾಯಲ್ಲಿ ಹೊಲಸು ಶುದ್ಧ ಮಾಡುವ ಘಟಕ ಬರುತ್ತದೆ, ಅದು ಎರಡನೇ ಹಂತ, ಎರಡನೇ ಹಂತದ ಅನುದಾನ ಇನ್ನೂ ಬಂದಿಲ್ಲ ಎಂದು ಅವರು ಹೇಳಿ ಕಳಿಸಿದರಂತೆ. ಮೊದಲನೇ ಹಂತದಲ್ಲಿ ಅವರ ನೀರು ಚೊಕ್ಕ ಆಗುವುದು. ಎರಡನೇ ಹಂತದಲ್ಲಿ ನಮ್ಮದು. ಹಂತ ಎಂಬುದನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ನಮ್ಮ ಸಲುವಾಗಿಯೇ ಕಂಡುಹಿಡಿದಿರಬೇಕು.

ಘಾಟಿಗೆ ಹೊಸ ಮೆಟ್ಟಿಲು ಬಂತು. ನೀರಿಗೆ ಗಾಳಿ ಊದುವ ಯಂತ್ರ ಬಂತು. ಬಟ್ಟೆ ಬದಲಿಸಲು ಕೋಣೆ ಬಂತು. ಬಟ್ಟೆ ಒಗೆಯಬಾರದು, ದನ ತೊಳೆಯಬಾರದು ಎಂಬ ಫಲಕ ಬಂತು. ಕಾವಲಿಗೆ ಕಲ್ಲಿನಾಥ ಎಂಬವನು ಸೀಟಿ ಹಿಡಿದು ಬಂದ. ಮಕ್ಕಳಿಗೆ ಈಜು ಕಲಿಸಲು ಮನೀಷಾ ಬಂದಳು. ಕಲಬುರಗಿಯಲ್ಲಿ ಓದುವಾಗ ಈಜಿನಲ್ಲಿ ಪದಕ ಗೆದ್ದವಳಂತೆ. ರವಿವಾರ ಬೆಳಿಗ್ಗೆ ಊರಿನ ಮಕ್ಕಳಿಗೆ ಪುಕ್ಕಟೆ ಕಲಿಸುತ್ತೇನೆ ಎಂದಳು. ಎಲ್ಲರೂ ಅವಳನ್ನು ಹೊಗಳಿದರು. ಹೊಗಳುವಂಥವಳೇ. ಅದು ಇನ್ನೂ ಕಷ್ಟ. ಕೆಟ್ಟವಳಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ನನ್ನ ಮಗಳು ವಿಶಾಖಾ ಬಾಲದಲ್ಲಿಯೇ ಈಜು ಕಲಿತವಳು. ನಡೆಯುವುದನ್ನು ಚೆನ್ನಾಗಿ ಕಲಿಯುವ ಮೊದಲೇ ನಮ್ಮತ್ತೆ ಅವಳ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ನೀರಿಗೆ ಬಿಟ್ಟಿದ್ದಳು. ಈಗ ಮೂರನೇ ಇಯತ್ತೆ. ನೀರು ಕಂಡರೆ ಅವಳನ್ನು ಹಿಡಿಯುವುದು ಆಗದು. ಪೈಪಿನ ಬಾಯಿ ತೆರೆದ ಮೇಲೂ ನಾನು ಬಟ್ಟೆ ಒಗೆಯಲು ಹೋದಾಗ ಹಿಂದೆಯೇ ಬಂದು ಇಳಿದಳು. ಹೊಡೆದೆ. ಮತ್ತೆ ಇಳಿದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಕಾಲ ತುಂಬ ಕಜ್ಜಿ. ತೊಡೆಸಂದಿಯಲ್ಲಿ ಕೀವು. ಕಿವಿ ಸೋರಲು ಹತ್ತಿತು. ಎಷ್ಟೋ ದಿನ ಭೇದಿಯಾಗಿ ಶಾಲೆ ತಪ್ಪಿತು. ನನ್ನ ಕಾಲಿನ ಬೆರಳ ಸಂದಿಯೂ ಕೊಳೆತಿತ್ತು, ಆದರೆ ಅದನ್ನು ಯಾರು ನೋಡುತ್ತಾರೆ?

ಹುಮನಾಬಾದಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನೋಡಿ, ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಅಲ್ಲ, ಗಲೀಜು ನೀರಿನಿಂದ ಆದದ್ದು ಎಂದಳು.

"ಚೊಕ್ಕ ನೀರಿನ್ಯಾಗ ಈಜಾಡಸವ್ವ" ಎಂದಳು ಡಾಕ್ಟರಮ್ಮ.

ಆ ಮಾತು ವಿಶಾಖಾಳ ಮನಸ್ಸಿಗೆ ನಾಟಿತು. ಮುಂದಿನ ರವಿವಾರ ತಲೆ ಬಾಚಿಸಿಕೊಂಡು, ಚೊಕ್ಕ ಫ್ರಾಕು ಹಾಕಿಕೊಂಡು ಘಾಟಿಗೆ ಹೊರಟಳು. ನಾನೂ ಹೋದೆ. ದೊಡ್ಡ ಓಣಿಯ ಮಕ್ಕಳು ನೀರಿನಲ್ಲಿ ಕಾಲು ಬಡಿಯುತ್ತಿದ್ದವು. ಒಂದಕ್ಕೂ ಸರಿಯಾಗಿ ಬರುತ್ತಿರಲಿಲ್ಲ. ಮನೀಷಾ ಒಬ್ಬೊಬ್ಬರ ಹೊಟ್ಟೆಯ ಕೆಳಗೆ ಕೈಯಿಟ್ಟು ತೇಲಿಸುತ್ತಿದ್ದಳು. ನಮ್ಮನ್ನು ಕಂಡು ಮೆಟ್ಟಿಲ ತನಕ ಬಂದಳು. ವಿಶಾಖಾಳ ಕಾಲು ನೋಡಿದಳು.

"ಪುಟ್ಟಿ, ಕಜ್ಜಿ ಆಗ್ಯಾವಲ್ಲ. ಗುಣ ಆದ ಮ್ಯಾಲ ಬಾ, ಹಾಂ?"

"ಇವು ಅಂಟೂವಲ್ಲಂತ ಡಾಕ್ಟರ್ ಅಂದಾರ್ರಿ ವೈನೀರ" ಎಂದೆ.

"ಆದ್ರೂ ಬ್ಯಾರೆ ಮಕ್ಕಳು ಅದಾವಲ್ಲ. ಅವರ ಮನ್ಯಾಗ ಏನ್ ಅಂತಾರ? ಜರಾ ಚೊಕ್ಕ ಇರ್ಸು ಕೂಸಿನ್ನ" ಎಂದಳು. ಬೇಸರದಿಂದ ಹೇಳಲಿಲ್ಲ. ಪ್ರೀತಿಯಿಂದಲೇ ಹೇಳಿದಳು. ತನ್ನ ಚೀಲ ತೆಗೆದು ಮುಲಾಮಿನ ಟ್ಯೂಬು ಕೊಟ್ಟಳು.

ಅದನ್ನು ಅವಳ ಮುಖದ ಮೇಲೆ ಎಸೆಯಬೇಕಿತ್ತು. ಎಸೆಯಲಿಲ್ಲ. ಮನೆಗೆ ತಂದು ಮಗಳ ಕಾಲಿಗೆ ಹಚ್ಚಿದೆ. ಒಳ್ಳೆಯ ಮುಲಾಮು. ಒಣಗುತ್ತ ಬಂದವು. ಆದರೆ ಮನೆಯ ಬಟ್ಟೆ ಒಗೆಯಲು ಬಾಲ ಬಿಟ್ಟರೆ ಬೇರೆ ನೀರಿಲ್ಲ, ನನ್ನನ್ನು ಬಿಟ್ಟು ಮಗಳು ಇರುವುದಿಲ್ಲ, ನೀರು ಕಂಡರೆ ನಿಲ್ಲುವುದಿಲ್ಲ. ಮತ್ತೆ ಎದ್ದವು. ಬಾಲಕ್ಕೆ ಇಳಿದರೆ ಕಜ್ಜಿ, ಕಜ್ಜಿ ಇದ್ದರೆ ಘಾಟಿಲ್ಲ, ಘಾಟಿಲ್ಲದಿದ್ದರೆ ಬಾಲವೇ ಗತಿ. ಎಂಥ ಗಾಣ ಮಾಡಿಟ್ಟಿದ್ದಾರೆ ನೋಡಿ.

ಅಂದಿನಿಂದ ನನ್ನ ಹೊಟ್ಟೆಕಿಚ್ಚಿಗೆ ಮೈಕೈ ಬಂತು. ಮನೀಷಾಳ ತೋಳು ಕಂಡರೆ ಉರಿ. ಅವಳ ಬೆನ್ನ ಮೇಲೆ ಒಂದು ಬೊಕ್ಕೆಯೂ ಇಲ್ಲದ್ದು ಕಂಡರೆ ಉರಿ. ಅವಳಿಗೊಬ್ಬ ಮಗ, ಇನ್ನೂ ಅಂಬೆಗಾಲು. ಅದನ್ನು ಘಾಟಿನ ಮೆಟ್ಟಿಲ ಮೇಲೆ ಕೂರಿಸಿ ಬೊಗಸೆಯಿಂದ ನೀರು ಹಾಕಿದರೆ ಅದು ಕೇಕೆ ಹಾಕುತ್ತಿತ್ತು. ಆ ಕೇಕೆ ಗೋಡೆ ದಾಟಿ ಬರುತ್ತಿತ್ತು. ಕೂಸನ್ನು ಕಂಡೂ ಹೊಟ್ಟೆಕಿಚ್ಚುಪಡುವ ಹೆಂಗಸು ನಾನು. ಆಗಲಿ.

ನವರಾತ್ರಿ ಹತ್ತಿರ ಬಂತು. ನಮ್ಮ ಕಡೆ ಘಟಸ್ಥಾಪನೆಗೆ ಮೊದಲು ಮನೆಯಲ್ಲಿರುವ ಕೌದಿಗಳೆಲ್ಲ ಒಗೆದು ಒಣಗಬೇಕು. ಹಳೆಯ ಸೀರೆ ಪದರ ಪದರ ಸೇರಿಸಿ ಹೊಲಿದ ಕೌದಿ. ಒಣಗಿದ್ದಾಗ ಒಬ್ಬಳು ಹೊರಬಹುದು, ತೊಯ್ದ ಮೇಲೆ ಎತ್ತಲು ಇಬ್ಬರು ಬೇಕು. ದೊಡ್ಡ ಓಣಿಯ ಮನೆಗಳಿಗೆ ಬಟ್ಟೆ ಒಗೆಯುವ ಯಂತ್ರ ಬಂದು ಬಹಳ ಕಾಲವಾಯಿತು. ಆದರೆ ಕೌದಿ ಅದರಲ್ಲಿ ಹಿಡಿಸುವುದಿಲ್ಲ. ಹಾಕಿದರೆ ಯಂತ್ರ ಕೆಡುತ್ತದೆ. ಹೀಗಾಗಿ ಕೌದಿಗೆ ಇನ್ನೂ ನಮ್ಮ ಕೈಕಾಲೇ ಬೇಕು. ಸೋಡಾದಲ್ಲಿ ನೆನೆಸಿ, ಕಾಲಿನಿಂದ ತುಳಿದು, ಕಲ್ಲಿಗೆ ಬಡಿದು, ಒಬ್ಬಳು ಆ ತುದಿ ಒಬ್ಬಳು ಈ ತುದಿ ಹಿಡಿದು ಹಿಂಡಬೇಕು. ರಾತ್ರಿ ಸೊಂಟ ನೆಲಕ್ಕೆ ಹತ್ತುವುದಿಲ್ಲ.

ಬಸವಣಪ್ಪ ಮಾಲಕರ ಹೆಂಡತಿ ಸೂಗಮ್ಮ ನನ್ನನ್ನೂ ನಮ್ಮತ್ತೆಯನ್ನೂ ಕರೆಸಿದಳು. ಹಿತ್ತಲ ಬಾಗಿಲಿನಿಂದ ಕೌದಿಗಳನ್ನು ಒಂದೊಂದಾಗಿ ನಮ್ಮ ಕಡೆ ಎಸೆದಳು. ಕೈಗೆ ಕೈ ತಾಗಬಾರದಲ್ಲ.

"ಬಾಲದಾಗೇ ಒಗೀರಿ ಮತ್ತ. ಬಾಲದ ನೀರಿನ್ಯಾಗ ಒಗದ್ರ ಕೌದಿಗಿ ಒಂದು ವಾಸನಿ ಬರ್ತದ ನೋಡು, ಅದು ಬ್ಯಾರೆ ನೀರಿಗಿ ಬರಾಂಗಿಲ್ಲ."

ನಮ್ಮತ್ತೆ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ಅಮ್ಮಾರ, ನೀವು ಈಗೀಗ ಬಾಲದ ಕಡೀ ಬಂದಿರೇನು?" ಎಂದು ಕೇಳಿದೆ.

"ನಾ ಯಾಕ ಬರ್ಲಿ? ಮೊಣಕಾಲು ಹಿಡದಾವ. ಕೆರಿ ಎಲ್ಲಾ ಸಾಫ್ ಆಗ್ಯಾದಂತಲ್ಲ ಈಗ. ಸರಕಾರ ಅಷ್ಟು ರೊಕ್ಕ ಹಾಕ್ಯಾದ."

ಅವಳಿಗೆ ಗೊತ್ತಿರಲಿಲ್ಲ. ಸುಳ್ಳಲ್ಲ, ನಿಜವಾಗಿ ಗೊತ್ತಿರಲಿಲ್ಲ. ಗಟಾರದ ಹೊಲಸು ಎಲ್ಲಿ ಹೋಯಿತು ಎಂದು ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಎಂದು ಅವರ ಲೆಕ್ಕ. ನಾನು ಹೇಳಬಹುದಿತ್ತು. ಹೇಳಲಿಲ್ಲ. ಬಾಯಿ ಮುಚ್ಚಿ ಗಂಟು ಕಟ್ಟಿದೆ. ಕಡೆಗೆ ಸೂಗಮ್ಮ ಒಳಗಿನಿಂದ ಸಣ್ಣ ಸಣ್ಣ ಕೌದಿ ತಂದಳು. ಮೊಮ್ಮಗನವು. ಒಂದಕ್ಕೆ ಗಿಳಿ ಹಸಿರು ಅಂಚು. ಉಚ್ಚೆಯ, ಹಾಲಿನ ವಾಸನೆ.

"ಕೂಸಿನವು ಭಾಳ ಚೊಕ್ಕಾಗಿ ಒಗೀರಿ" ಎಂದಳು.

ಮರುದಿನ ರವಿವಾರ. ಬೆಳಿಗ್ಗೆ ಗಂಟು ಹೊತ್ತು ನಾವಿಬ್ಬರೂ ಬಾಲಕ್ಕೆ ಬಂದೆವು. ವಿಶಾಖಾ ಹಿಂದೆ. ಪೈಪಿನ ಬಾಯಿಂದ ನೀರು ಬುಳುಬುಳು ಬೀಳುತ್ತಿತ್ತು. ಅದರ ಜೊತೆ ಬರುತ್ತಿದ್ದದ್ದನ್ನೆಲ್ಲ ಹೇಳುವುದಿಲ್ಲ, ನೀವು ಊಟ ಮಾಡುವವರು. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಕಾಲ ಕೆಳಗೆ ಕೆಸರು ಲೊಚಕ್ ಅಂದಿತು. ಗಂಟು ಬಿಚ್ಚಿ ಮೊದಲು ಕೈಗೆ ತೆಗೆದುಕೊಂಡದ್ದು ಹಸಿರು ಅಂಚಿನ ಕೌದಿ.

ನನಗೆ ಗೊತ್ತಿತ್ತು. ಅದನ್ನು ಈ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಮಡಿಚಿ ಕೊಟ್ಟರೆ ಸೂಗಮ್ಮ ಮೂಸಿ ನೋಡಿ ಒಳಗಿಡುತ್ತಾಳೆ. ಕೂಸು ಅದರ ಮೇಲೆ ಮಲಗುತ್ತದೆ, ಅಂಚು ಬಾಯಿಗೆ ಹಾಕಿ ಚೀಪುತ್ತದೆ. ಆಮೇಲೆ ಆ ಕೂಸಿನ ತೊಡೆಸಂದಿಯಲ್ಲಿಯೂ ಏಳುತ್ತವೆ. ಅದಕ್ಕೂ ಭೇದಿ ಹಿಡಿಯುತ್ತದೆ. ಮನೀಷಾ ರಾತ್ರಿ ಎಲ್ಲ ಎದ್ದು ಕೂರುತ್ತಾಳೆ. ಆಗ ನಾವಿಬ್ಬರೂ ಸರಿಸಮ. ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೂ ಅವರು ಹೇಳಿದಲ್ಲಿಯೇ ಒಗೆದದ್ದು. ಇಂಥ ಸಲೀಸಾದ ಸೇಡು ನನ್ನಂಥವಳ ಕೈಗೆ ಮತ್ತೆ ಸಿಗುವುದಿಲ್ಲ. ನನ್ನ ಕೈ ನೀರಿನ ಮೇಲೆಯೇ ಇತ್ತು. ಬಾಯಲ್ಲಿ ನೀರೂರಿತು. ಇದನ್ನೂ ಮುಚ್ಚಿಡುವುದಿಲ್ಲ.

"ಏನ್ ನೋಡಾಕತ್ತಿ? ಅದ್ದು ಇಲ್ಲಾ ಬಿಡು" ಎಂದಳು ನಮ್ಮತ್ತೆ.

"ಅದ್ದಿದ್ರ ಏನಾಗ್ತದ ಅತ್ತಿ?"

"ಏನಾಗ್ತದ ಅಂತ ನಿನ್ನ ಮಗಳ ಕಾಲು ನೋಡು."

ವಿಶಾಖಾ ದಂಡೆಯ ಮೇಲೆ ಕೂತು ಕಾಲು ಕೆರೆದುಕೊಳ್ಳುತ್ತಿದ್ದಳು. ರಕ್ತ ಬಂದರೂ ಕೆರೆಯುತ್ತಿದ್ದಳು. ಗೋಡೆಯ ಆಚೆ ಕಲ್ಲಿನಾಥ ಸೀಟಿ ಊದಿದ. ಮಕ್ಕಳು ಧುಮುಕಿದ ಸದ್ದು ಬಂತು.

ನಾನು ಒಳ್ಳೆಯವಳಾಗಿ ಕೌದಿ ಹಿಂದಕ್ಕೆ ತೆಗೆಯಲಿಲ್ಲ. ಇನ್ನೊಂದು ಕೂಸಿಗೆ ಕಜ್ಜಿಯಾದರೆ ನನ್ನ ಕೂಸಿನದು ವಾಸಿಯಾಗುವುದಿಲ್ಲ ಎಂದು ತಲೆಗೆ ಹೊಳೆಯಿತು, ಅಷ್ಟೇ. ನನಗೆ ಬೇಕಾದದ್ದು ಅವರ ಕಜ್ಜಿ ಅಲ್ಲ. ಅವರ ನೀರು.

ಗಂಟು ಮತ್ತೆ ಕಟ್ಟಿ ತಲೆಯ ಮೇಲಿಟ್ಟೆ. ಮಗಳ ಕೈ ಹಿಡಿದೆ.

"ಎಲ್ಲಿಗಿ?" ಎಂದಳು ನಮ್ಮತ್ತೆ.

"ಘಾಟಿಗಿ."

"ಬಾಬಾಸಾಹೇಬ್ರು ನೀರು ಕುಡಿಯಾಕ ಕೆರಿಗಿ ಇಳದ್ರು. ನೀ ಈಜಾಡ್ಸಾಕ ಹೊಂಟಿ" ಎಂದಳು.

"ಕುಡಿಯೂದು ಅವರು ಮಾಡಿಟ್ಟಾರ. ಈಜಾಡೂದು ನಾವು ಮಾಡೂಣು ಬಾ" ಎಂದೆ. ಅವಳು ಉಳಿದ ಗಂಟು ಎತ್ತಿಕೊಂಡು ಹಿಂದೆ ಬಂದಳು.

ರವಿವಾರದ ಘಾಟು ತುಂಬಿತ್ತು. ಮಂಠಾಳದಿಂದ, ಹುಲಸೂರಿನಿಂದ ಕಾರು ಮಾಡಿಕೊಂಡು ಬಂದವರಿದ್ದರು. ಮೇಲಿನ ಕಟ್ಟೆಯಲ್ಲಿ ಬಸವಣಪ್ಪ ಮಾಲಕರು ಕುರ್ಚಿ ಹಾಕಿಸಿಕೊಂಡು ಯಾರೋ ಬೀಗರಿಗೆ ಚಹಾ ಕುಡಿಸುತ್ತ, ಈ ಘಾಟಿಗೆ ತಾವು ಹೇಗೆ ಅನುದಾನ ತಂದೆವು ಎಂದು ಹೇಳುತ್ತಿದ್ದರು. ನಾವು ಕಂಬಿ ದಾಟಿದೆವು. ಕಲ್ಲಿನಾಥನ ಸೀಟಿ ಚೀರಿತು.

"ಏ, ಬೋರ್ಡ್ ಕಾಣಸಾಂಗಿಲ್ಲೇನು? ಇಲ್ಲಿ ಒಗ್ಯಾಂಗಿಲ್ಲ!"

"ಕಾಣಸ್ತದ. ಮಾಲಕರ ಜೋಡಿ ಮಾತಾಡಾಕ ಬಂದೀನಿ" ಎಂದೆ.

ಮಾಲಕರು ಕುರ್ಚಿಯಿಂದಲೇ ತಿರುಗಿದರು. "ಏನದು ಗಂಟು?"

"ನಿಮ್ಮನಿ ಕೌದಿ ಅದಾವ್ರಿ. ಎಲ್ಲಿ ಒಗೀಲಿ ಹೇಳ್ರಿ."

"ಹಮೇಶಾ ಎಲ್ಲಿ ಒಗೀತಿದ್ದಿ? ಅಲ್ಲೇ ಒಗಿ. ಇದೂ ನನ್ನ ಕೇಳಬೇಕೇನು?"

"ಅಲ್ಲಿ ನಿಮ್ಮ ಓಣಿ ಗಟಾರ ಬೀಳಾಕತ್ತದ್ರಿ. ನಿಮ್ಮ ಸಂಡಾಸದ ನೀರಿನ್ಯಾಗ ನಿಮ್ಮ ಮೊಮ್ಮಗನ ಕೌದಿ ತೊಳದು ತರ್ಲೇನು? ಎಲ್ಲಾರ ಮುಂದ ಹೂಂ ಅನ್ರಿ. ಈಗ ಹೋಗಿ ತೊಳೀತೀನಿ."

ಗಂಟು ಇಳಿಸಿ ಹಸಿರು ಅಂಚಿನ ಕೌದಿ ಎತ್ತಿ ತೋರಿಸಿದೆ. ಬೀಗರ ಕೈಯ ಚಹಾ ಅಲ್ಲೇ ನಿಂತಿತು. ನೀರಿನಲ್ಲಿದ್ದವರು ಕಾಲು ಬಡಿಯುವುದು ಬಿಟ್ಟರು. ಮನೀಷಾ ಮೈಯಿಂದ ನೀರಿಳಿಸುತ್ತ ಮೆಟ್ಟಿಲು ಹತ್ತಿ ಬಂದಳು.

"ಗಟಾರ ಬಾಲಕ್ಕ ಹೋಗ್ತದೇನ್ರಿ, ಮಾವಾರ?"

"ಎರಡನೇ ಹಂತದಾಗ ಸಾಫ್ ಮಾಡೂದು ಅದ. ಫಂಡ್ ಬರೂದು ತಡ ಆಗ್ಯಾದ. ಇವೆಲ್ಲಾ ನಿಂಗ್ಯಾಕ?" ಎಂದರು ಮಾಲಕರು.

ಅವಳು ವಿಶಾಖಾಳ ಕಾಲು ನೋಡಿದಳು. ಈ ಸಲ ಬಹಳ ಹೊತ್ತು ನೋಡಿದಳು. "ಹಂಗಾರ ಇವು..." ಎಂದು ನಿಲ್ಲಿಸಿದಳು.

"ಹೌದ್ರಿ ವೈನೀರ. ಇವು ನಿಮ್ಮ ಮನ್ಯಾಗಿಂದ ಬಂದಾವ. ಚೊಕ್ಕ ಇರ್ಸು ಅಂದಿದ್ರಿ" ಎಂದೆ.

ಅವಳ ಮುಖ ಸಣ್ಣಗಾಯಿತು. ನನ್ನ ಹೊಟ್ಟೆ ತಂಪಾಯಿತು. ಎಷ್ಟೋ ತಿಂಗಳ ಮೇಲೆ ಒಂದು ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬಂತು. ಈಗ ಹೇಳುತ್ತಾಳೆ, ಬಾ ಪುಟ್ಟಿ, ನೀರಿಗೆ ಇಳಿ ಎಂದು ಈಗ ಹೇಳುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾನು ಅವಳ ಕಾಲು ಹಿಡಿಯುತ್ತಿದ್ದೆನೋ ಏನೋ.

ಮನೀಷಾ ಮಾವನ ಕಡೆ ತಿರುಗಿದಳು. "ಇವತ್ತೊಂದಿನ ಇಲ್ಲೇ ಒಗೀಲಿ ಬಿಡ್ರಿ, ಮಾವಾರ. ಕೂಸಿನ ಕೌದಿ ಅದಾವ."

ನಾನು ಕಾದೆ. ಇನ್ನೊಂದು ಮಾತು ಇರಬೇಕು ಎಂದು ಕಾದೆ. ಅವಳು ತನ್ನ ಕಾಲಿನ ಬೆರಳು ನೋಡುತ್ತ ನಿಂತಳು.

ಬೀಗರು ನೋಡುತ್ತಿದ್ದರು. ಮಾಲಕರು ದೊಡ್ಡ ಮನಸ್ಸು ಮಾಡಿದರು. "ಆಯ್ತು. ಅಲ್ಲಿ ಮೂಲ್ಯಾಗ ಒಗಕೊಂಡು ಲಗೂ ಹೋಗು. ನಮ್ಮನಿ ಕೌದಿ ಕಾಯಂ ಇಲ್ಲೇ ಒಗಿ ಬೇಕಾದ್ರ. ಹುಡುಗಿನ್ನ ಮಾತ್ರ ನೀರಿಗಿ ಬಿಡಬ್ಯಾಡ. ಮಂದಿ ಮಕ್ಕಳು ಅದಾವ."

ಕೌದಿಗೆ ಅಪ್ಪಣೆ ಸಿಕ್ಕಿತು.

ಅವರ ಕೂಸು ಉಚ್ಚೆ ಹೊಯ್ದ ಅರಿವೆ ಆ ನೀರಿಗೆ ಇಳಿಯಬಹುದು. ಹಳೆಯ ಸೀರೆಯ ಚಿಂದಿ ಇಳಿಯಬಹುದು. ಅದನ್ನು ತುಳಿಯಲು ನನ್ನ ಕೊಳೆತ ಕಾಲೂ ಇಳಿಯಬಹುದು. ನನ್ನ ಮಗಳು ಇಳಿಯುವಂತಿಲ್ಲ. ಮನೀಷಾಳ ಮೇಲಿದ್ದ ಹೊಟ್ಟೆಕಿಚ್ಚು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ. ನಾನು ನನ್ನ ಕೈಯಲ್ಲಿದ್ದ ಕೌದಿಯನ್ನು ಕಂಡು ಹೊಟ್ಟೆಕಿಚ್ಚುಪಟ್ಟೆ. ಒಂದು ಚಿಂದಿ ಅರಿವೆಯ ಮೇಲೆ ಹೊಟ್ಟೆಕಿಚ್ಚುಪಡುವ ಹಾಗೆ ಮಾಡಿದರಲ್ಲ ನನ್ನನ್ನು.

ಕೌದಿ ಅಲ್ಲೇ ಒಣ ಮೆಟ್ಟಿಲ ಮೇಲೆ ಬಿಟ್ಟೆ.

"ಒಗ್ಯಾಂಗಿಲ್ರಿ."

"ಏನಂದಿ?"

"ಇಲ್ಲೂ ಒಗ್ಯಾಂಗಿಲ್ಲ, ಅಲ್ಲೂ ಒಗ್ಯಾಂಗಿಲ್ಲ. ನಿಮ್ಮ ಕೌದಿ ನೀವು ಒಗಕೊಳ್ರಿ."

ನಮ್ಮತ್ತೆ ತನ್ನ ತಲೆಯ ಮೇಲಿನ ಗಂಟನ್ನೂ ಮಾಲಕರ ಕುರ್ಚಿಯ ಕಾಲಿನ ಹತ್ತಿರ ಧೊಪ್ಪನೆ ಹಾಕಿದಳು. ಧೂಳೆದ್ದಿತು. ಅವಳ ಸೊಂಟ ನೆಟ್ಟಗಾದದ್ದನ್ನು ನಾನು ಅಂದೇ ನೋಡಿದ್ದು.

"ಸೋಯಾ ರಾಶಿಗಿ ನಮ್ಮ ಹೊಲದಾಗ ಕಾಲಿಡಬ್ಯಾಡ್ರಿ. ನಿಮ್ಮ ಬುದ್ಧನಗರದ ಒಬ್ಬರಿಗೂ ಕೆಲಸ ಕೊಡಾಂಗಿಲ್ಲ. ನೋಡ್ತೀನಿ ಏನ್ ತಿಂತೀರಿ" ಎಂದು ಮಾಲಕರು ಎದ್ದು ನಿಂತರು.

ಹೆದರಿಕೆ ಆಯಿತು. ರಾಶಿ ಕಾಲ ತಪ್ಪಿದರೆ ಚಳಿಗಾಲಕ್ಕೆ ಜೋಳ ಇಲ್ಲ. ಸಂಜೆ ಬಸ್ಸಿಳಿದು ಬರುವ ಕಪಿಲನಿಗೆ ಏನು ಹೇಳಲಿ, ನೆರೆಮನೆಯವರಿಗೆ ಏನು ಹೇಳಲಿ? ಆದರೆ ಕಾಲುಗಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದವು. ವಿಶಾಖಾಳ ಕೈ ನನ್ನ ಕೈಯಲ್ಲಿತ್ತು. ಕಲ್ಲಿನಾಥ ಅಡ್ಡ ಬಂದ. ಹಿಡಿಯಬೇಕೆಂದರೆ ಅವನು ನಮ್ಮನ್ನು ಮುಟ್ಟಬೇಕು. ಅವನು ಮುಟ್ಟಲಿಲ್ಲ, ಸೀಟಿ ಊದಿದ. ಸೀಟಿ ಊದುತ್ತಲೇ ಇದ್ದ.

ಕಡೆಯ ಮೆಟ್ಟಿಲಲ್ಲಿ ಮಗಳ ಕೈ ಬಿಟ್ಟೆ. ಅವಳು ನನ್ನ ಮುಖ ನೋಡಿದಳು. ನಾನು ತಲೆ ಆಡಿಸಿದೆ. ಫ್ರಾಕು ತೊಟ್ಟೇ ಧುಮುಕಿದಳು.

ಮೊದಲು ಒಬ್ಬ ತಾಯಿ ತನ್ನ ಮಗನ ರಟ್ಟೆ ಹಿಡಿದು ಎಳೆದಳು. ಆಮೇಲೆ ಇನ್ನೊಬ್ಬಳು. ಆಮೇಲೆ ಗಂಡಸರು. ಕಾರಿನವರು, ಓಣಿಯವರು, ಎಲ್ಲರೂ ನೀರು ಬಿಟ್ಟು ದಡದಡ ಮೇಲೆ ಬಂದರು. ಮೆಟ್ಟಿಲೆಲ್ಲ ತೊಯ್ದ ಹೆಜ್ಜೆ. ಮನೀಷಾ ತನ್ನ ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮೇಲಿನ ಮೆಟ್ಟಿಲಲ್ಲಿ ನಿಂತಿದ್ದಳು. ಅಷ್ಟು ದೊಡ್ಡ ಕೆರೆಯ ಹೊಟ್ಟೆಯಲ್ಲಿ ನನ್ನ ಮಗಳು ಒಬ್ಬಳೇ ಉಳಿದಳು.

ಅವಳು ಹಗ್ಗದ ತನಕ ಹೋದಳು. ಬಾಯಿ ತುಂಬ ನೀರು ತುಂಬಿಕೊಂಡು ಮೇಲಕ್ಕೆ ಉಗಿದಳು. ನಕ್ಕಳು. ಹಿಂತಿರುಗಿ ನೋಡಿದಾಗ ನೀರಿನಲ್ಲಿ ಯಾರೂ ಇರಲಿಲ್ಲ. ಅಲ್ಲಿಂದಲೇ ಕೂಗಿದಳು.

"ಅವ್ವಾ, ಎಲ್ಲಾರೂ ಯಾಕ ಎದ್ದ್ರು?"

ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವಳು ಅಲ್ಲಿ ನನ್ನ ಮಗಳೊಬ್ಬಳೇ, ಅವಳಿಗೆ ಅದನ್ನು ಇವತ್ತು ನಾನು ಕಲಿಸುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಇಳಿದೆ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ತಣ್ಣಗಿತ್ತು.

"ನಿಂಗ ಜಾಗಾ ಸಾಲಾಂಗಿಲ್ಲಂತ ಎದ್ದಾರವ್ವ" ಎಂದು ಕೂಗಿದೆ. "ಈಜು ನೀನು."